ಹುಕ್ಕೇರಿಯ ಗರಗಸ, ಸಿನಿಮಾದ ಗಿಟಾರ್

ಗುರುವಾರ ಬೆಳಗ್ಗೆ ಹನ್ನೊಂದು ನಲವತ್ತಕ್ಕೆ, ಹುಕ್ಕೇರಿಯ ಹೊರಗಿನ ಒಂದು ಕಟ್ಟಿಗೆ ಅಡ್ಡೆಯಲ್ಲಿ, ಅದರ ಮಾಲೀಕ ಗೋಡೆ ಗಡಿಯಾರ ನೋಡಿ, "ಹನ್ನೆರಡಕ್ಕ ತ್ರೀ ಫೇಸ್ ಹೋಗ್ತೈತ್ರಿ, ಲಗೂ ಮುಗಸ್ರಿ" ಎಂದ. ಕೆಟ್ಟದ್ದೆಲ್ಲ ಶುರುವಾದದ್ದು ಆ ಮಾತಿನಿಂದ. ಅದಕ್ಕೆ ಹಿಂದಿನ ಎರಡು ದಿನ ಎಷ್ಟು ಸುಖವಾಗಿ ಕಳೆದಿದ್ದವೆಂದರೆ, ಈಗ ಅವನ್ನು ನೆನೆದರೂ ಸಿಟ್ಟು ಬರುತ್ತದೆ.

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಬಿಡುವಿನಲ್ಲಿ ಗಿಟಾರ್ ನುಡಿಸುತ್ತೇನೆ. ಚಿಕ್ಕವಳಿದ್ದಾಗ ನೋಡಿದ ಒಂದು ಹಳೆಯ ಸಿನಿಮಾದ ಹಾಡಿನಲ್ಲಿ ನಾಯಕಿಯ ಕೈಯಲ್ಲಿ ಮೂರು ನಿಮಿಷ ಕಾಣುವ ಗಿಟಾರ್ ಒಂದಿದೆ. ಅದರ ನಾದರಂಧ್ರ ದುಂಡಗಿಲ್ಲ, ವೀಳ್ಯದೆಲೆಯ ಆಕಾರದಲ್ಲಿದೆ. ಅಂಥದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದನ್ನು ಇದ್ದ ಹಾಗೇ ಮಾಡಿಸಬೇಕೆಂಬ ಹುಚ್ಚು ನನಗೆ ಬಹಳ ವರ್ಷಗಳಿಂದ ಇತ್ತು. ಕಟ್ಟಿಗೆಯ ಕೆಲಸದಲ್ಲಿ ಸೂಕ್ಷ್ಮ ಕೈ ಬೇಕಾದರೆ ಗೋಕಾಕಿನ ಗೊಂಬೆ ಮಾಡುವವರ ಹತ್ತಿರ ಹೋಗು ಎಂದು ಯಾರೋ ಹೇಳಿದರು. ಕಾಲೇಜಿಗೆ ನಾಲ್ಕು ದಿನ ರಜೆ ಸಿಕ್ಕಿತು, ಹೊರಟೆ.

ಮಂಗಳವಾರ ಬೆಳಗ್ಗೆ ಆರೂವರೆಯ ಬಸ್ಸು. ಹೆಂಗಸರಿಗೆ ಸೊನ್ನೆ ರೂಪಾಯಿಯ ಟಿಕೆಟ್ಟು. ಯರಗಟ್ಟಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಮಿರ್ಚಿ, ಚುರುಮುರಿ ತಿಂದೆ. ಸುಮಾರು ನೂರು ಕಿಲೋಮೀಟರಿನ ದಾರಿಯನ್ನು ಮೂರು ಗಂಟೆಯಲ್ಲಿ ಮುಗಿಸಿ ಗೋಕಾಕ ಮುಟ್ಟಿದಾಗ ಬಿಸಿಲು ಆಗಲೇ ಚುರುಕಾಗಿತ್ತು.

ಈರಪ್ಪನವರ ಮನೆ ಇಕ್ಕಟ್ಟಾದ ಒಂದು ಓಣಿಯಲ್ಲಿ. ಐವತ್ತೆಂಟರ ಆಸುಪಾಸಿನ ತೆಳ್ಳಗಿನ ಮನುಷ್ಯ. ಪಡಸಾಲೆಯಲ್ಲಿ ಕೂತು ಕಟ್ಟಿಗೆಯ ಸೀತಾಫಲಕ್ಕೆ ಬಣ್ಣ ಹಾಕುತ್ತಿದ್ದರು. ಅವರ ಹೆಂಡತಿ ಗಂಗವ್ವ ಬಾಜೂಕ್ಕೆ ಕೂತು ಗೊಂಬೆಗೆ ಮೆತ್ತುವ ಹುಣಸೆ ಬೀಜದ ಸರಿ ಅರೆಯುತ್ತಿದ್ದರು. ನಾನು ಮೊಬೈಲಿನಲ್ಲಿ ಆ ಹಾಡು ತೋರಿಸಿದೆ. ಈರಪ್ಪ ಎರಡು ಸಲ ನೋಡಿದರು.

"ಬಾರಿಸಾಕ ಬೇಕೇನ್ರಿ, ನೋಡಾಕ ಬೇಕೇನ್ರಿ?"

"ಬಾರಿಸಾಕ ಬೇಕು" ಎಂದೆ.

"ಆ ಹುಡುಗಿ ಸೈತ ಬಾರಿಸಿಲ್ಲ ನೋಡ್ರಿ. ಕೈ ಒಂದು ಕಡೆ ಐತಿ, ಸಪ್ಪಳ ಒಂದು ಕಡೆ."

ಗಂಗವ್ವ ನಕ್ಕರು. "ನಿಮ್ಮ ಮಾವಿನಹಣ್ಣು ಯಾರರ ತಿಂದಾರೇನು? ಹಂಗ ಅದು."

ನನಗೆ ಈರಪ್ಪನವರ ಕೆಲಸದ ರೀತಿ ಬಹಳ ಹಿಡಿಸಿತು. ಹಳೆಯ ಧೋತರದ ಪಟ್ಟಿಯೊಂದನ್ನು ನೀರಿನಲ್ಲಿ ಅದ್ದಿ ಎಡಗೈಗೆ ಸುತ್ತಿಕೊಳ್ಳುತ್ತಿದ್ದರು. ಕಟ್ಟಿಗೆ ಜಾರುವುದಿಲ್ಲ, ಉಜ್ಜುವ ಅರ ತಾಗಿದರೆ ಚರ್ಮ ಉಳಿಯುತ್ತದೆ, ಕೈ ತಂಪಾಗಿರುತ್ತದೆ. ಅವರಪ್ಪನೂ ಹಾಗೇ ಸುತ್ತಿಕೊಳ್ಳುತ್ತಿದ್ದರಂತೆ. ಒದ್ದೆ ಬಟ್ಟೆ ಸುತ್ತದೆ ಈರಪ್ಪ ಒಂದು ಚಮಚವನ್ನೂ ಕೆತ್ತಿದವರಲ್ಲ. ನಾನು ಅದನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ, ಒಂದು ಫೋಟೋ ಕೂಡ ತೆಗೆದೆ.

ಬುಧವಾರ ನಾನು, ಈರಪ್ಪ ಇಬ್ಬರೂ ಮೂಡಲಗಿಗೆ ಹೋದೆವು. ಮೊಬೈಲಿನ ಚಿತ್ರದಲ್ಲಿ ಅಳತೆ ಸಿಗುವಂತಿರಲಿಲ್ಲ. ಒಂದು ಕಾಲಕ್ಕೆ ಟೂರಿಂಗ್ ಟಾಕೀಸಿನಲ್ಲಿ ಯಂತ್ರ ನಡೆಸಿದ ಹುಸೇನಸಾಬ ಎಂಬ ಮುದುಕರ ಹತ್ತಿರ ಆ ಕಾಲದ ಸಿನಿಮಾ ಫೋಟೋಗಳ ಪೆಟ್ಟಿಗೆ ಇದೆ ಎಂದು ಈರಪ್ಪನವರಿಗೆ ಗೊತ್ತಿತ್ತು. ನಾಗನೂರ ದಾಟುವವರೆಗೆ ನಮ್ಮ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿತು. ಒಂದೊಂದಕ್ಕೂ ಎರಡೆರಡು ಟ್ರೇಲರು. ಮೂವತ್ತು ಕಿಲೋಮೀಟರಿಗೆ ಒಂದೂವರೆ ಗಂಟೆ ಹಿಡಿಯಿತು.

ಹುಸೇನಸಾಬರು ಪೆಟ್ಟಿಗೆಯನ್ನು ಮಡಿಲಿನಲ್ಲೇ ಇಟ್ಟುಕೊಂಡು ಒಂದೊಂದೇ ಫೋಟೋ ಕೊಟ್ಟರು. "ಹಿಡೀರಿ, ಆದ್ರ ಅಂಚಿಗೆ ಹಿಡೀರಿ. ಹೆಬ್ಬಟ್ಟು ಒತ್ತಾಕ ಇದು ರೇಷನ್ ಅಂಗಡಿ ಅಲ್ಲ." ಹದಿಮೂರನೆಯದರಲ್ಲಿ ನಮ್ಮ ಗಿಟಾರ್ ಸಿಕ್ಕಿತು, ಎದುರಿನಿಂದ, ಪೂರ್ತಿ. ನಾನು ಅಳತೆಪಟ್ಟಿ ಇಟ್ಟು ನಾಯಕಿಯ ಅಂಗೈಯನ್ನು ಆಧಾರ ಮಾಡಿಕೊಂಡು ಲೆಕ್ಕ ಹಾಕಿದೆ. ಆಗ ಮತ್ತೊಂದು ಸಂಗತಿ ಕಣ್ಣಿಗೆ ಬಿತ್ತು. ಮೇಲ್ಹಲಗೆಯ ನಡುವೆ ಒಂದು ಸಣ್ಣ ಗೆರೆ, ಅದರ ಎಡಬಲಕ್ಕೆ ಮರದ ಎಳೆಗಳು ತೆರೆದ ಪುಸ್ತಕದ ಎರಡು ಪುಟದ ಹಾಗೆ ಒಂದಕ್ಕೊಂದು ಕನ್ನಡಿ ಹಿಡಿದಿದ್ದವು. ಅಂದರೆ ಒಂದೇ ಹಲಗೆಯನ್ನು ದಪ್ಪದಲ್ಲಿ ಸೀಳಿ, ಬಿಡಿಸಿ, ಅಂಟಿಸಿದ್ದಾರೆ.

"ಗೆರಿ ನಾ ಬಣ್ಣದಾಗ ಬರಿತೇನ್ರಿ" ಎಂದರು ಈರಪ್ಪ. "ನಾ ಮಾಡಿದ ದ್ರಾಕ್ಷಿ ಮ್ಯಾಲೆ ನೊಣ ಕುಂದರ್ತಾವ. ನಿಮ್ಮ ಹಲಗಿ ಏನ್ ಮಹಾ?"

ನಾನು ಒಪ್ಪಲಿಲ್ಲ. ಇದ್ದ ಹಾಗೇ ಬೇಕು ಎಂದೆ. ಹಾಗಾದರೆ ಕೈಗರಗಸದಲ್ಲಿ ಸೀಳಬೇಕು, ಮೂರು ದಿನ ಬೇಕು ಎಂದರು. ನನ್ನ ರಜೆ ಮುಗಿಯುತ್ತದೆ, ಯಂತ್ರದಲ್ಲೇ ಸೀಳಿಸೋಣ ಎಂದೆ. ನೋಡಿ, ಮಾಲೀಕನ ಮೇಲೆ ಹರಿಹಾಯುವ ಮುಂಚೆ ಇದನ್ನು ಬರೆದಿಡಬೇಕು. ಅವಸರ ಅಡ್ಡೆಯಲ್ಲಿ ಹುಟ್ಟಿದ್ದಲ್ಲ, ನಾನು ಮೂಡಲಗಿಯಿಂದಲೇ ಹೊತ್ತುಕೊಂಡು ಹೋಗಿದ್ದೆ.

ಗುರುವಾರ ಗೋಕಾಕದಿಂದ ಘಟಪ್ರಭಾ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹುಕ್ಕೇರಿ. ಒಟ್ಟು ನಲವತ್ತು ಕಿಲೋಮೀಟರಿನಷ್ಟು. ಹುಕ್ಕೇರಿಯ ಅಡ್ಡೆಯವನು ಕೆಡವಿದ ಹಳೆ ಮನೆಗಳ ಬಾಗಿಲು, ಹಲಗೆ ಮಾರುತ್ತಾನೆ, ಐವತ್ತು ವರ್ಷ ಒಣಗಿದ ಸಾಗವಾನಿ ಅಲ್ಲಿ ಸಿಗುತ್ತದೆ ಎಂದು ಈರಪ್ಪ ಹೇಳಿದ್ದರು. ಸಿಕ್ಕಿತು. ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ನುಡಿಯುವ ಹಲಗೆ. ಈರಪ್ಪ ಅದನ್ನು ಕಿವಿಗೆ ಹಿಡಿದು ನನ್ನ ಕಡೆ ನೋಡಿದರು. ಆ ಮುಖ ನನಗೆ ಇನ್ನೂ ಕಾಣುತ್ತದೆ.

ಅಡ್ಡೆಯ ನಡುವೆ ಕಬ್ಬಿಣದ ಮೇಜು, ಅದರ ಸೀಳಿನಿಂದ ಮೇಲೆದ್ದ ಚಕ್ರಗರಗಸ. ಹಲ್ಲುಗಳ ಮೇಲೆ ಮುಚ್ಚಳ ಇರಲಿಲ್ಲ. ಮುಚ್ಚಳ ಎಲ್ಲಿದೆ ಎಂದು ಕೇಳಿದೆ. ಮಾಲೀಕ ಗೋಡೆ ತೋರಿಸಿದ. ಅಲ್ಲಿ ಮೊಳೆಗೆ ನೇತುಹಾಕಿದ್ದರು, ಅದಕ್ಕೆ ಮೂರೆಳೆ ವಿಭೂತಿ, ಒಣಗಿದ ಚೆಂಡುಹೂವಿನ ಮಾಲೆ.

"ಅದು ಅಡ್ಡ ಬರ್ತೈತ್ರಿ. ಪೂಜಾಕ್ಕ ಇಟ್ಟೇವಿ."

ಯಂತ್ರದಿಂದ ಕೈ ಕಾಯುವ ಒಂದೇ ಒಂದು ವಸ್ತುವನ್ನು ಬಿಚ್ಚಿ, ಗೋಡೆಗೆ ತಗುಲಿಹಾಕಿ, ಅದಕ್ಕೇ ಕೈಮುಗಿಯುವ ಜನ! ನಾನು ಆಗಲೇ ಹಲಗೆ ಎತ್ತಿಕೊಂಡು ಹೊರಡಬೇಕಿತ್ತು. ಹೊರಡಲಿಲ್ಲ.

"ನಿಮ್ಮ ಆಳು ಸೀಳ್ತಾನಲ್ರಿ?" ಎಂದು ಕೇಳಿದೆ.

"ಇಷ್ಟ ತೆಳುವು ನಮ್ಮ ಆಳಿಗೆ ಆಗೂದಿಲ್ಲ. ಹಲಗಿ ಹಾಳಾದ್ರ ನನ್ನ ಕೊಳ್ಳಿಗೆ ಬೀಳ್ತೀರಿ. ಕಾಕಾರಿಗೆ ಕಟಗಿ ಗೊತ್ತೈತಿ, ಅವರ ತಳ್ಳಲಿ." ಆಮೇಲೆ ಗಡಿಯಾರ ನೋಡಿ ತ್ರೀ ಫೇಸಿನ ಮಾತಾಡಿದ. ಊರಾಚೆಯ ಆ ಲೈನಿನಲ್ಲಿ ಹನ್ನೆರಡಕ್ಕೆ ಹೋದ ಕರೆಂಟು ಸಂಜೆಯವರೆಗೆ ಬರುವುದಿಲ್ಲವಂತೆ.

ಈರಪ್ಪ ಚೀಲದಿಂದ ಧೋತರದ ಪಟ್ಟಿ ತೆಗೆದು, ಕುಡಿಯುವ ನೀರಿನ ಕೊಡದ ಹತ್ತಿರ ಹೋಗಿ ಒದ್ದೆ ಮಾಡಿ, ಎಡಗೈಗೆ ಸುತ್ತಿಕೊಂಡರು. ಅದರ ತುದಿ ನಾಲ್ಕು ಬೆರಳಿನಷ್ಟು ಜೋತಾಡುತ್ತಿತ್ತು. ಮನೆಯಲ್ಲೂ ಹಾಗೇ ಜೋತಾಡುತ್ತದೆ. ಅರಕ್ಕೆ, ಉಳಿಗೆ ಅದರಿಂದ ಏನೂ ಆಗುವುದಿಲ್ಲ. ತಿರುಗುವ ಚಕ್ರದ ಹತ್ತಿರ ಸಡಿಲ ಬಟ್ಟೆ ಏನಾಗುತ್ತದೆ ಎಂಬುದನ್ನು ಪ್ರತಿ ವರ್ಷ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಮೊದಲ ದಿನವೇ ಹೇಳುವವಳು ನಾನು. ದುಪಟ್ಟಾ ಗಂಟು ಹಾಕಿಕೊಳ್ಳಿ ಎಂದು ಗದರುವವಳು. ಅವತ್ತು ನಾನು ಮೊಬೈಲು ಹಿಡಿದು ವಿಡಿಯೋ ತೆಗೆಯುತ್ತಿದ್ದೆ.

ಆ ವಿಡಿಯೋ ಹತ್ತೊಂಬತ್ತು ಸೆಕೆಂಡಿನದು. ಹನ್ನೆರಡನೆಯ ಸೆಕೆಂಡಿನವರೆಗೆ ಹಲಗೆ ಚೆಂದವಾಗಿ ಸೀಳುತ್ತಾ ಹೋಗುತ್ತದೆ. ಹದಿಮೂರರಲ್ಲಿ ಬಟ್ಟೆಯ ತುದಿ ಗಾಳಿಗೆ ಎದ್ದು ಹಲ್ಲಿಗೆ ಬೀಳುತ್ತದೆ. ಕೈ ತಾನಾಗಿಯೇ ಮುಂದೆ ಹೋದಂತೆ ಕಾಣುತ್ತದೆ. ಪಟ್ಟಿ ಹಳೆಯದು, ತೊಳೆದು ತೊಳೆದು ಜಾಳಾದದ್ದು, ಅದಕ್ಕೇ ಹರಿಯಿತು. ಗಟ್ಟಿಯಾದ ಹೊಸ ಬಟ್ಟೆಯಾಗಿದ್ದರೆ ಮಣಿಕಟ್ಟಿನವರೆಗೆ ಹೋಗುತ್ತಿತ್ತು. ಆಮೇಲಿನದು ನೆಲ, ನನ್ನ ಚಪ್ಪಲಿ, ಮರದ ಪುಡಿ.

ಈರಪ್ಪ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಮರದ ಪುಡಿಯ ಮೇಲೆ ಕೂತರು. ತೋರುಬೆರಳು, ನಡುಬೆರಳು ಒಳಮಗ್ಗುಲಲ್ಲಿ ಸೀಳಿದ್ದವು. ಮಾಲೀಕ ಯಂತ್ರ ಆರಿಸಿ ಓಡಿ ಬಂದ. ನೀರು ತರುತ್ತಾನೆ ಅಂದುಕೊಂಡೆ. ಬಂದವನು ಹೇಳಿದ್ದು: "ಮೇಡಮ್ಮ, ಮೊದಲ ಅದನ್ನ ಡಿಲೀಟ್ ಮಾಡ್ರಿ."

ನಾನು ಮಾಡಲಿಲ್ಲ. ದುಪಟ್ಟಾದಿಂದ ಕೈ ಕಟ್ಟಿದೆ. ಹಲಗೆ ಇಳಿಸಲು ಬಂದಿದ್ದ ಟೆಂಪೋದವನು ಕೇಳುವ ಮೊದಲೇ ಬಾಗಿಲು ತೆರೆದ. ನಾವು ಗೇಟು ದಾಟುವಾಗ ಹಿಂದಿನಿಂದ ಗರಗಸದ ಸಪ್ಪಳ ಮತ್ತೆ ಶುರುವಾಯಿತು. ತಿರುಗಿ ನೋಡಿದೆ. ಆಳು ಇನ್ಯಾರದೋ ಕಟ್ಟಿಗೆ ಇಟ್ಟಿದ್ದ. ರಕ್ತ ಒರೆಸಿಯೂ ಇರಲಿಲ್ಲ. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇತ್ತಲ್ಲ!

ಸರಕಾರಿ ದವಾಖಾನೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹನ್ನೊಂದು ಹೊಲಿಗೆ ಹಾಕಿದರು. "ಬೆರಳು ಉಳಿತಾವ. ಆದ್ರ ಬೆರಳು ಮಡಚೋ ನಾರು ಅರ್ಧ ಹರದೈತಿ. ಪಟ್ಟಿ ಬಿಚ್ಚಿದ ಮ್ಯಾಲೆನ ಮಡಚ್ತಾವೋ ಇಲ್ಲೋ ಹೇಳಾಕ ಬರ್ತೈತಿ. ಅಲ್ಲೀತನಕ ಅಲುಗಾಡಿಸಬ್ಯಾಡ್ರಿ."

"ಈ ಕೈಲೆ ಗೊಂಬಿ ಹಿಡಿತೇನವ್ವಾ" ಎಂದರು ಈರಪ್ಪ. ಆವತ್ತು ಅವರು ತಮ್ಮ ಬಗ್ಗೆ ಆಡಿದ ಮಾತು ಅದೊಂದೇ.

ಬಾಡಿಗೆ ಕಾರಿನಲ್ಲಿ ಮರಳಿದೆವು. ಧುಪದಾಳದ ಹತ್ತಿರ ಒಡ್ಡಿನ ಮೇಲೆ ನೀರು ಹೊಳೆಯುತ್ತಿತ್ತು, ಯಾರೋ ಬಟ್ಟೆ ಒಗೆಯುತ್ತಿದ್ದರು. ಎಲ್ಲ ಎಂದಿನ ಹಾಗೇ ಇದ್ದದ್ದು ನನಗೆ ಸಹಿಸಲಾಗಲಿಲ್ಲ. ಈರಪ್ಪ ಕಣ್ಣು ಮುಚ್ಚಿಕೊಂಡೇ, "ಹಲಗಿ ತಂದಿರೇನ್ರಿ?" ಎಂದು ಕೇಳಿದರು. ಇಲ್ಲ ಎಂದೆ. "ಛಲೋ ಹಲಗಿ ಇತ್ತು" ಎಂದರು.

ಗಂಗವ್ವ ನನಗೆ ಬೈಯಲಿಲ್ಲ. ಗಂಡನನ್ನು ಹಾಸಿಗೆಯ ಮೇಲೆ ಮಲಗಿಸಿ, ನನಗೆ ಚಹಾ ಕೊಟ್ಟು, ಎದುರಿಗೆ ಕೂತು ಕೇಳಿದರು: "ಇವರು ಬಣ್ಣದಾಗ ಬರಿತೇನಿ ಅಂದಿದ್ರಂತಲ್ರಿ ಬಾಯಾರ. ಅದ್ಯಾಕ ಆಗಲಿಲ್ಲ ನಿಮಗ?"

ಶುಕ್ರವಾರ ದೂರು ಕೊಡಲು ಹೋದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕಳಿಸಿದ ಮೇಲೆ ಮುಟ್ಟಿದ ಮೂರನೆಯದು. ಮೇಜಿನ ಹಿಂದಿನವನು ವಿಡಿಯೋವನ್ನು ಎರಡು ಸಲ ನೋಡಿದ, ಬಾಜೂದವನನ್ನೂ ಕರೆದು ತೋರಿಸಿದ. ಆಮೇಲೆ ಕೇಳಿದ: "ಕೈ ಹೋಗಿಲ್ಲಲ್ರಿ ಮೇಡಮ್ಮ?"

"ಇಲ್ಲ."

"ಹೋಗಿದ್ರ ಬ್ಯಾರೇ ಫಾರ್ಮ್ ಐತಿ. ಹೋಗದಿದ್ದವರಿಗೆ ನಮ್ಮಲ್ಲಿ ಏನೂ ಇಲ್ಲ."

ನಾನು ಬಿಳಿ ಹಾಳೆಯ ಮೇಲೆ ಬರೆದುಕೊಟ್ಟೆ. ಅವನು ಅದನ್ನು ಓದಿ, ತಪ್ಪು ಕಾಕಾನದೇ, ಬಟ್ಟೆ ಯಾಕೆ ಸುತ್ತಿಕೊಳ್ಳಬೇಕಿತ್ತು ಎಂದ. ಹೌದು, ಬಟ್ಟೆ ಸುತ್ತಿಕೊಂಡದ್ದು ಈರಪ್ಪನವರ ತಪ್ಪೇ. ನಲವತ್ತು ವರ್ಷ ಕೈ ಕಾಯ್ದ ಅಭ್ಯಾಸ ಅವತ್ತು ಕೈ ತಿನ್ನಲು ಬಂತು. ಆದರೆ ಮನುಷ್ಯ ತಪ್ಪುತ್ತಾನೆ ಎಂದೇ ಯಂತ್ರಕ್ಕೆ ಮುಚ್ಚಳ ಮಾಡಿರುವುದು. ತಪ್ಪದ ಮನುಷ್ಯನಿಗೆ ಅದರ ಅವಶ್ಯಕತೆ ಏನು? ಇದನ್ನು ನಾನು ನಿಂತು ಜೋರಾಗಿ ಹೇಳಿದೆ. ಅವನು ಊಟದ ಡಬ್ಬಿ ಬಿಚ್ಚಿದ.

ಧಾರವಾಡಕ್ಕೆ ಬಂದ ಮೇಲೆ ನನ್ನ ನಿದ್ದೆ ಕೆಟ್ಟಿತು. ಪಕ್ಕದ ಮನೆಯಲ್ಲಿ ಮಿಕ್ಸರ್ ತಿರುಗಿದರೆ ಎದ್ದು ಕೂರುತ್ತಿದ್ದೆ. ಕಣ್ಣು ಮುಚ್ಚಿದರೆ ಹದಿಮೂರನೆಯ ಸೆಕೆಂಡು. ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದೆ. "ಇವರೂ ಮಕ್ಕೊಳ್ಳಾಕತ್ತಿಲ್ಲರಿ" ಎನ್ನುತ್ತಿದ್ದರು ಗಂಗವ್ವ. "ಕಣ್ಣು ಹತ್ತಿತು ಅನ್ನೂದ್ರಾಗ ಕೈ ಜಗ್ಗಿಕೊಂಡು ಏಳ್ತಾರ. ಆಮ್ಯಾಲೆ ನಾನೂ ಎದ್ದ ಕುಂದರ್ತೇನಿ."

ನಾಲ್ಕು ವಾರದ ಮೇಲೆ, ಒಂದು ಭಾನುವಾರ, ಪಟ್ಟಿ ಬಿಚ್ಚುವ ದಿನ ಬಂತು. ಗೋಕಾಕದ ಡಾಕ್ಟರ ಹತ್ತಿರ ಬಿಚ್ಚಿಸುವುದೆಂದು ಆಗಿತ್ತು. ಅದೇ ಆರೂವರೆಯ ಬಸ್ಸು ಹಿಡಿದು ಹೋದೆ. ಡಾಕ್ಟರು ಬಟ್ಟೆ ಬಿಚ್ಚಿ, ಒರೆಸಿ, "ಮಡಚ್ರಿ" ಎಂದರು. ನಡುಬೆರಳು ಮೆಲ್ಲಗೆ, ತುಕ್ಕು ಹಿಡಿದ ಬಾಗಿಲಿನಂತೆ ಬಾಗಿತು. ತೋರುಬೆರಳು ಬಾಗಲಿಲ್ಲ. ಈರಪ್ಪ ಅದನ್ನೇ ನೋಡುತ್ತ ಕೂತರು. ಡಾಕ್ಟರು ತಮ್ಮ ಪೆನ್ನನ್ನು ಅವರ ಅಂಗೈಯಲ್ಲಿಟ್ಟು, "ಬೆರಳಿಗೆ ಹೇಳಬ್ಯಾಡ್ರಿ, ಪೆನ್ನು ಹಿಡೀರಿ" ಎಂದರು. ಈರಪ್ಪ ಹಿಡಿಯಲು ಹೋದರು. ತೋರುಬೆರಳು ಅರ್ಧ ಬಾಗಿ ಪೆನ್ನಿಗೆ ತಾಗಿ ನಿಂತಿತು.

"ಇಷ್ಟಾದ್ರ ಸಾಕು, ಉಳಿದದ್ದು ಬರ್ತೈತಿ" ಎಂದರು ಡಾಕ್ಟರು.

"ಪೂರ್ತಿ?" ಎಂದು ಕೇಳಿದೆ.

"ಪೂರ್ತಿ ಬರೂದಿಲ್ಲ."

ಈರಪ್ಪ ಪೆನ್ನು ವಾಪಸು ಕೊಡಲಿಲ್ಲ. ಬೆರಳುಗಳ ನಡುವೆ ತಿರುಗಿಸಿ ತಿರುಗಿಸಿ ನೋಡಿದರು, ಬೀಳಿಸಿದರು, ಎತ್ತಿಕೊಂಡರು. "ದ್ರಾಕ್ಷಿ ಆಗೂದಿಲ್ಲ. ಬಾಳೆಹಣ್ಣು, ಸೀತಾಫಲ ಆಗ್ತಾವ" ಎಂದರು. ಹೊರಗೆ ಬಂದ ಮೇಲೆ ನನ್ನ ಗಿಟಾರಿನ ಮಾತು ಅವರೇ ತೆಗೆದರು. ಬೇಡ ಎಂದೆ. "ಬ್ಯಾಡ ಅನ್ನಾಕ ನೀವ್ಯಾರು? ಕೈಗರಗಸದಾಗ ಸೀಳ್ತೇನಿ. ಒಂದು ವರ್ಷ ಆಗ್ಲಿ, ಎರಡಾಗ್ಲಿ. ಸೂಟಿ ಮುಗಿತೈತಿ ಅಂತ ಮಾತ್ರ ಬಂದು ಹೇಳಬ್ಯಾಡ್ರಿ."

ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಈರಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿದರು. ಐದು ನಿಮಿಷಕ್ಕೆ ಗೊರಕೆ ಶುರುವಾಯಿತು. ಗಂಗವ್ವ ಬಾಗಿಲಲ್ಲಿ ನಿಂತು ಬಹಳ ಹೊತ್ತು ಕೇಳಿಸಿಕೊಂಡರು. "ನಾಲ್ಕು ವಾರದ್ದು ಒಮ್ಮೆಲೇ ಹೊಡಿಯಾಕತ್ತಾರ" ಎಂದರು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀವೂ ಹೋಗಿ ಮಕ್ಕೋರಿ. ಮಾರಿ ನೋಡಾಕ ಆಗವಲ್ದು" ಎಂದರು.

ಸಂಜೆಯ ಬಸ್ಸಿನಲ್ಲಿ ಮರಳಿದೆ. ಆ ಅಡ್ಡೆಯವನಿಗೆ ಏನೂ ಆಗಿಲ್ಲ, ನನ್ನ ಬಿಳಿ ಹಾಳೆಗೆ ಉತ್ತರವೂ ಬಂದಿಲ್ಲ. ನನ್ನ ಸಿಟ್ಟು ಒಂದು ಗುಂಜಿಯಷ್ಟೂ ಇಳಿದಿರಲಿಲ್ಲ. ಆದರೂ ಆ ಭಾನುವಾರ ಮನೆಗೆ ಬಂದು ಹಾಸಿಗೆಗೆ ಬಿದ್ದವಳಿಗೆ ಎಚ್ಚರವಾದಾಗ ಬಿಸಿಲು ಕೋಣೆಯ ನಡುವೆ ಬಂದಿತ್ತು. ಸೋಮವಾರದ ನನ್ನ ಮೊದಲ ಪಿರಿಯಡ್ ಮುಗಿದು ಹೋಗಿತ್ತು.