ಸೀಟಿನ ಕೆಳಗಿನ ನೀರು

ಶಂಕ್ರವ್ವ, ನಿನ್ನ ಗಂಡ ಮಲ್ಲಪ್ಪ ಹಠ ಮಾಡಿ ಹೋಗಲಿಲ್ಲ. ನಾನೇ ಕಳಿಸಿದೆ. ಬಾವಿ ಬತ್ತಿದೆ ಎಂದು ಗೊತ್ತಿದ್ದೂ — ಕಳಿಸಿದೆ.

ಆಗ ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಸಾಹುಕಾರರ ಮೋಟಾರು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿತ್ತು, ನಾನು ಅದರ ಡ್ರೈವರ್. ಕುಷ್ಟಗಿಯಲ್ಲಿ ಉಳಿದವರೆಲ್ಲ ಇಳಿದರು. ಹನುಮಸಾಗರದ ತವರಿಗೆ ಹೊರಟ ಬಸುರಿ ನೀನು, ನಿನ್ನ ಗಂಡ, ನಾನು — ಮೂವರೇ ಉಳಿದೆವು. ನಡುದಾರಿಯಲ್ಲಿ ಎಂಜಿನ್ ಕುದಿದು ನಿಂತಿತು. ಸುಡುವ ಮಧ್ಯಾಹ್ನ. ಕಣ್ಣು ಹಾಯಿಸಿದಷ್ಟೂ ಕಲ್ಲು, ಜಾಲಿ. ಒಂದು ನರಪಿಳ್ಳೆ ಇಲ್ಲ. ನೀನು ಮೋಟಾರಿನ ನೆರಳಲ್ಲಿ ಸೆರಗು ಮುಚ್ಚಿ, ನಮ್ಮ ಮಾತು ಕಿವಿಗೆ ಬೀಳದಷ್ಟು ಬಳಲಿ ಮಲಗಿದ್ದೆ.

"ಡ್ರೈವರಣ್ಣಾ, ಇಕಿ ಕಣ್ಣು ಮುಚ್ಚಾಕತ್ತಾಳ. ಒಂದು ಗುಟುಕು ನೀರು ಕೊಡ್ರಿ."

ಸೀಟಿನ ಕೆಳಗೆ ಗೋಣಿಚೀಲ ಮುಚ್ಚಿದ ಒಂದು ಡಬ್ಬಿ ನೀರಿತ್ತು. ಅದು ಎಂಜಿನ್ನಿನ ಪಾಲು. ಕೂತವರ ಕಣ್ಣಿಗೆ ಬೀಳದಂತೆ ಇಡುವುದು ನಮ್ಮ ಡ್ರೈವರುಗಳ ರೂಢಿ. ಎಂಜಿನ್ ಸುಟ್ಟರೆ ಸಾಹುಕಾರರು ನನ್ನ — ಇರಲಿ, ಅದನ್ನು ಹೇಳಿ ಏನು.

"ನೀರಿಲ್ಲೋ ತಮ್ಮಾ. ಆ ಬೇವಿನ ಗಿಡದ ಆಚೆ ಬಾವಿ ಐತಿ, ತಗೊಂಡು ಬಾ."

ಅವನ ಕಣ್ಣೆದುರು ಡಬ್ಬಿ ತೆಗೆಯಲಾರದೆ ಹೇಳಿದ ಮಾತದು. ಹೊಲದ ಬದುವಿಗಾಗಿ ಸುಳ್ಳು ಹೇಳುತ್ತೇವೆ, ಸಂಬಂಧ ಕುದುರಿಸಲು ಹೇಳುತ್ತೇವೆ. ನೀರಿನ ವಿಷಯದಲ್ಲಿ ಮಾತ್ರ ನಮ್ಮ ಸೀಮೆಯಲ್ಲಿ ಯಾರೂ ಹೇಳುವುದಿಲ್ಲ. ವೈರಿ ಕೇಳಿದರೂ ಇಲ್ಲವೆನ್ನುವುದಿಲ್ಲ. ಅದಕ್ಕೇ ಅವನು ನಂಬಿದ. ರುಮಾಲು ಸುತ್ತಿ, ತಂಬಿಗೆ ಹಿಡಿದು ಹೊರಟ. "ಇಕಿ ಕಡೆ ನೋಡ್ಕೋರಿ" ಎಂದ — ನನಗೆ!

ಎಂಜಿನ್ ಆರಿದ ಮೇಲೆ ನೀರು ಹೊಯ್ದೆ. ಡಬ್ಬಿಯ ತಳದಲ್ಲಿ ಸ್ವಲ್ಪ ಉಳಿಯಿತು. ನಿನಗೆ ಕೊಡಬಹುದಿತ್ತು, ಎಲ್ಲಿತ್ತು ಎಂದು ಕೇಳುತ್ತೀಯೆಂದು ಹೆದರಿದೆ. ನಾನೇ ಕುಡಿದೆ, ತಂಗಿ. ನಾನೇ —

ಹಾರ್ನ್ ಒತ್ತಿದೆ. ಮತ್ತೆ ಮತ್ತೆ ಒತ್ತಿದೆ. ಕೊನೆಗೆ ಹುಡುಕಿಕೊಂಡು ಹೋದಾಗ ಅವನು ಬಾವಿಯ ಬಳಿ ಇರಲಿಲ್ಲ. ಇನ್ನೂ ಆಚೆ, ಬೇರೆ ನೀರು ಹುಡುಕುತ್ತ ಹೋದ ದಾರಿಯಲ್ಲಿ ಸತ್ತು ಬಿದ್ದಿದ್ದ. ತಂಬಿಗೆ ಕೈಯಲ್ಲೇ ಇತ್ತು.

ನಿನ್ನನ್ನು ಜೀವಂತ ಊರು ಮುಟ್ಟಿಸಿದೆನೆಂದು ಜನ ನನ್ನನ್ನು ಹೊಗಳಿದರು. ಅವರೆದುರು ಹೇಳಿದೆ: "ಬ್ಯಾಡ ಅಂದೆ, ಕೇಳಲಿಲ್ಲ. ಭಾಳ ಹಠಮಾರಿ."

ಆ ಮಾತನ್ನು ನೀನು ಇಷ್ಟು ವರ್ಷ ಕಟ್ಟಿಕೊಂಡೇ ಬದುಕಿದೆ. ಮೊನ್ನೆ ಸಂತೆಯಲ್ಲಿ ನೀನು ಮಗನನ್ನು ಗದರುತ್ತಿದ್ದೆ: "ಅಪ್ಪನಂಗ ಹಠ ಮಾಡಬ್ಯಾಡ. ಬಸುರಿನ್ನ ಬಿಸಿಲಾಗ ಬಿಟ್ಟು ಹೋಗಿ ಸತ್ತ ಅಂವ."

ನಾನು ನಿನ್ನ ಹಿಂದೆಯೇ ನಿಂತಿದ್ದೆ. ಅವನ ಜೀವ ತೆಗೆದದ್ದು ಒಂದು ದಿನ. ಅವನ ಮರ್ಯಾದೆಯನ್ನು ದಿನಾ ತೆಗೆಯುತ್ತಿದ್ದೇನೆ.

ನಾಳೆ ನಿನ್ನ ಮನೆಗೆ ಬರುತ್ತೇನೆ. ನಿನ್ನ ಮಗನ ಎದುರು ಎಲ್ಲವನ್ನೂ ಹೇಳುತ್ತೇನೆ. ಬಂದವರಿಗೆ ಮೊದಲು ನೀರು ಕೊಡುವುದು ನಿನ್ನ ಕೈಗೆ ರೂಢಿ.

ನನಗೆ ಕೊಡಬೇಡ.