ಕೆಂಪು ನೆಲದ ಹಳ್ಳಕ್ಕೆ ಎರೆ ನೆಲದವಳು

"ಅಳ್ಳಕ್ಕೊಂದು ಅಡ್ಡ ಕಟ್ಟಿಸ್ಕೊಡಿ ಮೇಡಮ್ಮಾರೆ" ಎಂದು ಹಾಸನ ತಾಲ್ಲೂಕಿನ ಕಟ್ಟಾಯದ ಸಭೆಯಲ್ಲಿ ಹಿರಿಯ ರೈತರೊಬ್ಬರು ಎದ್ದು ನಿಂತು ಕೇಳಿದಾಗ ನಾನು ತಬ್ಬಿಬ್ಬಾದೆ. ನಮ್ಮ ಇಂಡಿ ಕಡೆ ಅಳ್ಳು ಎಂದರೆ ಹುರಿದ ಜೋಳದ ಅರಳು. ಪಂಚಮಿಗೆ ಅದನ್ನು ಬೀಸಿ ಅಳ್ಳಿಟ್ಟು ಮಾಡುತ್ತೇವೆ. ಅದಕ್ಕೆ ಅಡ್ಡ ಕಟ್ಟುವುದೇನು? ಪಕ್ಕದಲ್ಲಿದ್ದ ಸಹೋದ್ಯೋಗಿ ನನ್ನ ಮುಖ ನೋಡಿ, "ಹಳ್ಳ ಮೇಡಂ, ಹಳ್ಳ" ಎಂದು ಮೆಲ್ಲಗೆ ಹೇಳಿದರು. ಹುಟ್ಟಿದಾಗಿನಿಂದ ಕನ್ನಡ ಬಿಟ್ಟು ಬೇರೆ ಮಾತಾಡದ ನನಗೆ ಕನ್ನಡದಲ್ಲೇ ದುಭಾಷಿ ಬೇಕಾದ ದಿನವದು. ಊರು ಬಿಟ್ಟು ಬಂದಿದ್ದೇನೆ ಎಂಬುದು ರೈಲಿನಲ್ಲಿ ತಿಳಿದಿರಲಿಲ್ಲ, ಅವತ್ತು ತಿಳಿಯಿತು.

ನಾನು ಬಂದದ್ದು ನೆಲ, ನೀರು ಉಳಿಸುವ ಕೆಲಸದ ಮೇಲ್ವಿಚಾರಣೆಗೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ತಾಲ್ಲೂಕು ನನ್ನ ಪಾಲಿಗೆ. ಇಂಡಿಯಲ್ಲಿ ಇದೇ ಕೆಲಸ ಮಾಡಿದವಳೆಂಬ ಧೈರ್ಯವಿತ್ತು. ಆದರೆ ನಮ್ಮ ಕಪ್ಪು ಎರೆಮಣ್ಣು ಒಂದು ಮಳೆಯಾದರೆ ಕಾಲಿಗೆ ಮೆತ್ತಿಕೊಂಡು ಮನೆವರೆಗೂ ಬರುತ್ತದೆ, ಬೇಸಿಗೆಯಲ್ಲಿ ಮೊಣಕಾಲು ಇಳಿಯುವಷ್ಟು ಬಿರಿಯುತ್ತದೆ. ಇಲ್ಲಿನ ಕೆಂಪು ನೆಲ ಹಾಗಲ್ಲ. ಒಂದು ಜೋರು ಮಳೆ ಸಾಕು, ಇಳಿಜಾರಿನ ಹೊಲದ ಮೇಲ್ಮಣ್ಣು ನೀರಿನ ಜೊತೆ ಹೊರಟೇಬಿಡುತ್ತದೆ. ನಾವು ಒಡ್ಡು ಎನ್ನುವುದಕ್ಕೆ ಇವರು ಬದು ಎನ್ನುತ್ತಾರೆ. ದನಗಳಿಗೆಂದೇ ಬಿಟ್ಟ ಸಣ್ಣ ಕೆರೆಗೆ ಗೋಕಟ್ಟೆ ಎಂದು ಹೆಸರು. ಈ ಹೆಸರು ಮಾತ್ರ ಕೇಳಿದ ಕೂಡಲೇ ಇಷ್ಟವಾಯಿತು.

ಅರಕಲಗೂಡಿನಲ್ಲಿ ಶುಂಠಿ, ಹೊಗೆಸೊಪ್ಪು. ಹೊಳೆನರಸೀಪುರದಲ್ಲಿ ಕಾಲುವೆಯ ಕೆಳಗೆ ಭತ್ತ. ಚನ್ನರಾಯಪಟ್ಟಣದ ಕಡೆ ತೆಂಗು, ರಾಗಿ, ಹಾಲಿನ ಹಸುಗಳು. ಬೆಳಿಗ್ಗೆ ಒಂದು ಕಡೆ ನೀರು ಹೆಚ್ಚಾಗಿ ಬದು ಒಡೆದ ದೂರು, ಮಧ್ಯಾಹ್ನ ಇನ್ನೊಂದು ಕಡೆ ಬೋರು ಬತ್ತಿದ ದೂರು. ಒಂದೇ ಜೀಪಿನಲ್ಲಿ ಎರಡು ಋತು ದಾಟುತ್ತಿದ್ದೆ.

ಹಾಸನದಲ್ಲಿ ಮನೆ ಸಿಕ್ಕಿದ್ದು ಪದ್ಮಾವತಮ್ಮನವರಲ್ಲಿ. ಗೊಮ್ಮಟನ ಬೆಟ್ಟದ ಕಡೆಯಿಂದ ಬಂದು ಬಟ್ಟೆ ಅಂಗಡಿ ಇಟ್ಟ ಜೈನ ಮನೆತನ. ಮೇಲಿನ ಎರಡು ಕೋಣೆ ತೋರಿಸುವಾಗಲೇ, "ಈರುಳ್ಳಿ ಬೆಳ್ಳುಳ್ಳಿ ನಮ್ಮನೇಲಿ ಇಲ್ಲ. ನೀವು ತಿನ್ನೋದಾದ್ರೆ ತಿನ್ನಿ, ಕಿಟಕಿ ತೆಗೆದಿಟ್ಕೊಳಿ" ಎಂದರು. ಗಂಡನಿಗೆ ಇಂಡಿಯ ಶಾಲೆಯಲ್ಲೇ ಕೆಲಸ, ಹಾಗಾಗಿ ನಾನೊಬ್ಬಳೇ ಬಂದಿದ್ದೆ. ಅತ್ತೆ ಕಟ್ಟಿಕೊಟ್ಟ ಶೇಂಗಾ ಚಟ್ನಿಯ ತುಂಬ ಬೆಳ್ಳುಳ್ಳಿ. ಡಬ್ಬಿ ತೆರೆದಾಗಲೆಲ್ಲ ಕಿಟಕಿ ತೆರೆಯುತ್ತಿದ್ದೆ, ನನ್ನೂರಿನ ವಾಸನೆ ಬೀದಿ ಪಾಲಾಗುತ್ತಿತ್ತು.

ಕೆಳಗಿನ ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯುತ್ತದೆ. ನಾನು ಹಳ್ಳಿಗಳಿಂದ ಮರಳುವ ಹೊತ್ತಿಗೆ ಅಡುಗೆಮನೆ ತೊಳೆದು ಆಗಿರುತ್ತಿತ್ತು. ನಮ್ಮಲ್ಲಿ ಸಂಜೆಯೆಂದರೆ ಕಟ್ಟೆ ಮೇಲೆ ಮಂದಿ, ಕೂಗಾಟ, ನಗು. ಇಲ್ಲಿ ಆ ಹೊತ್ತಿನ ಸದ್ದಿಲ್ಲದ ಮನೆಯ ಮೆಟ್ಟಿಲನ್ನು ಚಪ್ಪಲಿ ಕೈಯಲ್ಲಿ ಹಿಡಿದು ಹತ್ತುತ್ತಿದ್ದೆ. ಒಂದು ಭಾನುವಾರ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಸದ್ದು ಕೇಳಿ ಪದ್ಮಾವತಮ್ಮ ಗಾಬರಿಯಿಂದ ಮೇಲೆ ಬಂದರು. ನನ್ನ ಕೈ ನೋಡುತ್ತ ನಿಂತರು. "ಲಟ್ಟಣಿಗೆ ಇಲ್ದೆ ಅದು ಹೆಂಗ್ರೀ ಇಷ್ಟು ತೆಳ್ಳಗೆ ಬರುತ್ತೆ?" ಎಂದವರು ಅಲ್ಲೇ ಕೂತು ಬೆಣ್ಣೆ ಹಚ್ಚಿ ಎರಡು ರೊಟ್ಟಿ ತಿಂದರು. ಅವತ್ತಿನಿಂದ ನನ್ನ ಪಾಲಿನ ಮುದ್ದೆ ಮುಚ್ಚಿದ ಪಾತ್ರೆಯಲ್ಲಿ ಮೆಟ್ಟಿಲ ಮೇಲೆ ಕಾದಿರುತ್ತಿತ್ತು. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಯಲು ಮಾತ್ರ ಬಹಳ ದಿನ ಹಿಡಿಯಿತು.

ಆ ಮನೆಯ ಜಗಲಿಗೇ ಒಂದು ಬೆಳಿಗ್ಗೆ ಚನ್ನರಾಯಪಟ್ಟಣದ ದಂಡಿಗನಹಳ್ಳಿ ಹೋಬಳಿಯಿಂದ ಹೆಂಗಸರು ಬಂದು ಕೂತರು. ಮುಂದೆ ಗೌರಮ್ಮ. ಹಸು ಸಾಕಿ, ಡೈರಿಗೆ ಹಾಲು ಹಾಕಿ ಸಂಸಾರ ನಡೆಸುವ ಗಟ್ಟಿ ಹೆಂಗಸು. ಅವರ ಊರು ಅಲ್ಲಿನ ಒಂದು ಹಳ್ಳದ ಕೆಳಭಾಗದಲ್ಲಿದೆ. ಅದೇ ಹಳ್ಳಕ್ಕೆ, ಮೇಲಿನ ಊರಿನ ಬಳಿ, ಒಂದು ತಡೆಗೋಡೆ ಮಂಜೂರಾಗಿತ್ತು. ನಾನು ಬರುವ ಮೊದಲೇ ತಯಾರಾದ ಯೋಜನೆ, ಕೆಲಸ ಶುರುಮಾಡಿಸುವುದಷ್ಟೇ ನನ್ನ ಪಾಲಿಗೆ ಉಳಿದಿತ್ತು.

"ಮ್ಯಾಲ್ನೋರು ಗ್ವಾಡೆ ಕಟ್ಕಂಡ್ರೆ ನಮ್ ಗೋಕಟ್ಟೆಗೆ ಏನ್ ಬತ್ತದವ್ವ?" ಎಂದರು ಗೌರಮ್ಮ. "ನಾವು ಬಾಯಿ ಬಿಟ್ಟು ಕೇಳ್ತೀವಿ. ದನ ಯಾರ್‌ನ ಕೇಳ್ತವೆ?"

ಪದ್ಮಾವತಮ್ಮ ಎಲ್ಲರಿಗೂ ಮಜ್ಜಿಗೆ ತಂದುಕೊಟ್ಟರು. ನಾನು ಲೋಟ ಬದಿಗಿಟ್ಟೆ. ನಕ್ಷೆ ತೆಗೆದು ನೋಡಿದರೆ ಗೌರಮ್ಮನ ಭಯ ನಿಜವಾಗಿತ್ತು. ಮೇಲೆ ಗೋಡೆ ಎದ್ದರೆ, ಮಳೆ ಕಡಿಮೆಯಾದ ವರ್ಷ ಅದು ತುಂಬಿ ಉಳಿದದ್ದು ಮಾತ್ರ ಕೆಳಗಿಳಿಯುತ್ತದೆ, ಕೆಲವು ವರ್ಷ ಏನೂ ಇಳಿಯುವುದಿಲ್ಲ.

ಮೇಲಿನ ಊರಿಗೆ ಹೋಗಿ ಕೆಲಸ ಸ್ವಲ್ಪ ತಡೆಯುತ್ತೇನೆ ಎಂದೆ. ಊರಿನ ಯಜಮಾನರು ರಂಗೇಗೌಡರು. ಅವರು ಕೂಗಾಡಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು.

"ನಮ್ದೂ ದನಗಳೇ ಅಲ್ವೇನಮ್ಮ? ಬ್ಯಾಸ್ಗೇಲಿ ಬೋರು ಬರೀ ಗಾಳಿ ಉಗೀತದೆ. ಓದ್ ವರ್ಷ ನನ್ ಸೊಸೆ ಬಸುರಿ, ಆ ಸ್ಥಿತೀಲೂ ಬಿಂದ್ಗೆ ಒತ್ಕಂಡು ಓಗಿ ಜಾರಿ ಬಿದ್ಲು. ದ್ಯಾವ್ರು ದೊಡ್ಡೋನು, ಮಗ ಉಳೀತು. ಈಗ ಕೈಗೆ ಬಂದಿರೋ ಕೆಲ್ಸ ನಿಲ್ಲಿಸ್ತೀನಿ ಅಂತೀರಲ್ಲ, ನೀವ್ ಯಾವ್ ಕಡೆಯೋರು?"

"ನಾ ಇಂಡಿ ಕಡೆಯಾಕಿ ರೀ" ಎಂದುಬಿಟ್ಟೆ. ಬಾಯಿಗೆ ಬಂದ ಉತ್ತರ ಅದೊಂದೇ. ಕೂತಿದ್ದವರು ನಕ್ಕರು. ಗೌಡರೂ ಮೀಸೆಯಲ್ಲೇ ನಕ್ಕು, "ಅಂಗಾದ್ರೆ ನಮ್ ಎರಡೂರಲ್ಲಿ ಯಾರ್ ಕಡೆಯೋರೂ ಅಲ್ಲ ಅನ್ನಿ" ಎಂದರು. ಒಂಟಿತನವೆಂದು ನಾನು ಹೊತ್ತು ತಿರುಗುತ್ತಿದ್ದದ್ದು ಇಂಥ ಕಡೆ ಕೆಲಸಕ್ಕೆ ಬಂದೀತೆಂದು ಎಣಿಸಿರಲಿಲ್ಲ.

ಎರಡೂ ಊರಿನವರನ್ನು ಕರೆದುಕೊಂಡು ಹಳ್ಳದ ಉದ್ದಕ್ಕೂ ನಡೆದೆ. ಗೌರಮ್ಮನ ಗುಂಪು ಒಂದು ದಡ, ಗೌಡರ ಗುಂಪು ಇನ್ನೊಂದು ದಡ. ಮಧ್ಯೆ ಒಣಮರಳಿನ ಮೇಲೆ ನಾನು. ಗೋಕಟ್ಟೆ ತಲುಪಿದಾಗ ತಳದಲ್ಲಿ ಒಂದಿಷ್ಟು ಬಗ್ಗಡ ಉಳಿದಿತ್ತು. ಹಸುವೊಂದು ಮೂಸಿ ನೋಡಿ ಕುಡಿಯದೆ ನಿಂತಿತ್ತು. ಗೌಡರು ಬಗ್ಗಿ ಆ ಬಗ್ಗಡವನ್ನು ಕೈಯಿಂದ ಮುಟ್ಟಿ ನೋಡಿದರು. ಗೌರಮ್ಮನೇ, "ನಿಮ್ ಸೊಸೆ ಮಗ ಚೆಂದಾಗದಾ ಗೌಡ್ರೆ?" ಎಂದು ಕೇಳಿದರು. "ಅದೆ ಕಣಮ್ಮ, ತೆವಳ್ತದೆ" ಎಂದರು ಗೌಡರು.

ನಾನು ಹೇಳಿದ್ದು ಇಷ್ಟೇ: ಗೋಡೆ ಇರಲಿ, ಅದರ ನಡುವೆ ಹಲಗೆ ಹಾಕಿ ಮುಚ್ಚುವ ಕಿಂಡಿ ಬಿಡೋಣ. ಕರಾವಳಿಯಲ್ಲಿ ಇಂಥದ್ದಕ್ಕೆ ಕಿಂಡಿ ಅಣೆಕಟ್ಟು ಎನ್ನುತ್ತಾರೆ. ಮೊದಲ ಮಳೆಗಳಲ್ಲಿ ಹಲಗೆ ತೆಗೆದಿಡುವುದು, ನೀರು ಕೆಳಗಿಳಿಯಲಿ. ಗೋಕಟ್ಟೆ ತುಂಬಿದ ಮೇಲೆ ಹಲಗೆ ಹಾಕಿ ಮೇಲೆ ನಿಲ್ಲಿಸಿಕೊಳ್ಳುವುದು.

"ಅಲಗೆ ಅವರ್ ಕೈಲಿದ್ರೆ ತೆಗೀತಾರಾ?" ಎಂದು ಒಬ್ಬ ಹೆಂಗಸು ಕೂಗಿದಳು. ಅದಕ್ಕೆ ಉತ್ತರ ಯಾವ ನಕ್ಷೆಯಲ್ಲೂ ಇರುವುದಿಲ್ಲ. ಗೌಡರು ಮುಂದೆ ಬಂದು, "ನಾನ್ ನಿಂತ್ಕಂಡು ತೆಗೆಸ್ತೀನಿ" ಎಂದರು. ಅವರ ಗುಂಪಿನಲ್ಲೇ ಕೆಲವರು ಮುಖ ತಿರುಗಿಸಿದರು.

ವಿನ್ಯಾಸ ಬದಲಿಸಲು ನನ್ನ ಮೇಲಧಿಕಾರಿಗಳು ಸುಲಭಕ್ಕೆ ಒಪ್ಪಲಿಲ್ಲ. ಕೆಲಸವೇ ಕೈತಪ್ಪಬಹುದು, ಆಗ ಎರಡೂ ಊರಿನವರು ನಿಮ್ಮನ್ನೇ ಬಯ್ಯುತ್ತಾರೆ ಎಂದು ಎಚ್ಚರಿಸಿದರು. ಮತ್ತೆ ಮತ್ತೆ ಹೋಗಿ ಕೂತೆ. ಕಡೆಗೆ ಒಪ್ಪಿಗೆ ಸಿಕ್ಕಿ, ಮಳೆಗಾಲದ ಬಾಗಿಲಲ್ಲಿ ಗೋಡೆ ಎದ್ದಿತು. ನಾನು ಸೂಟಿ ಹಾಕಿ ಇಂಡಿಯ ರೈಲು ಹತ್ತಿದೆ. ನಮ್ಮ ಕಡೆಯ ಸೂಟಿ ಇಲ್ಲಿ ರಜೆ.

ತವರಿನಲ್ಲಿ ಅಣ್ಣ ತೊಗರಿ ಬೀಜ ತಂದಿಟ್ಟು ಮಿರಗದ, ಅಂದರೆ ಮೃಗಶಿರಾ ಮಳೆಗೆ ಕಾಯುತ್ತಿದ್ದ. ಆಕಾಶ ತೊಳೆದಿಟ್ಟಂತೆ ಖಾಲಿ. ಮಧ್ಯಾಹ್ನ ಬೇವಿನ ನೆರಳಲ್ಲಿ ಕೂತಿದ್ದಾಗ ಗೌರಮ್ಮನ ಫೋನು ಬಂತು.

"ಅವ್ವಾ, ಗೋಕಟ್ಟೆ ಕೋಡಿ ಬಿತ್ತು ಕಣವ್ವ! ರಾತ್ರಿಯೆಲ್ಲ ಮಳೆ ಒಯ್ತು. ಗೌಡ್ರೇ ನೆನ್ಕಂಡು ನಿಂತು ಅಲಗೆ ತೆಗೆಸವ್ರೆ. ಅವರ್ ಊರ್ ಉಡುಗ್ರು ಜಗಳ ಆಡುದ್ರಂತೆ, ಗೌಡ್ರು ಕೇಳಲಿಲ್ವಂತೆ. ಈಗ ನಮ್ಮೋರೇ ಓಗಿ ಅಲಗೆ ಆಕ್ ಬಂದ್ರು!"

ಕೋಡಿ ಬೀಳುವುದೆಂದರೆ ತುಂಬಿ ಹರಿಯುವುದು. ನಾನು ಎದ್ದು ನಿಂತು, "ತುಂಬ್ತಾ? ಪೂರ್ತಿ ತುಂಬ್ತಾ?" ಎಂದು ಕೂಗಿದೆ. ಫೋನ್ ಇಟ್ಟಾಗ ಅಣ್ಣ ನನ್ನನ್ನೇ ನೋಡುತ್ತಿದ್ದ.

"ಎಲ್ಲಿ ಮಳಿ?"

"ನಮ್ಮಲ್ಲಿ" ಎಂದೆ.

ಅಣ್ಣ ಒಮ್ಮೆ ಮೇಲೆ ನೋಡಿದ. "ಹಂಗಂದ್ರ ಇದು ಯಾರ ಊರು, ತಂಗಿ?" ಎಂದು ನಕ್ಕ. ಆ ನಗುವಿನಲ್ಲಿ ಕೊಂಕಿರಲಿಲ್ಲ. "ಇಲ್ಲಿ ಮಳಿ ಬಂದ ಮ್ಯಾಲೆ ಹೋಗ್ತೀನಿ" ಎಂದೆ. "ಮಳಿ ನಿನ್ನ ಸೂಟಿ ಕೇಳಿ ಬರ್ತದೇನು? ಹೋಗು, ಕೆಲಸಾ ನೋಡು" ಎಂದ. ಮಳೆ ಬರುವ ಮೊದಲೇ ನಾನು ಹೊರಟುಬಂದೆ.

ಇದನ್ನು ಬರೆಯುವಾಗ ಹಾಸನದಲ್ಲಿ ಸಣ್ಣಗೆ ಸೋನೆ ಹಿಡಿದಿದೆ. ಪದ್ಮಾವತಮ್ಮ ಒಣಗದ ಬಟ್ಟೆಗಳನ್ನು ಬಯ್ಯುತ್ತ ಒಳಗೆ ಹರವುತ್ತಿದ್ದಾರೆ. ದಿನಾ ಅಣ್ಣನಿಗೆ ಫೋನ್ ಮಾಡಿದಾಗ ಮೊದಲು ಅಲ್ಲಿಯ ಮೋಡ ಕೇಳುತ್ತೇನೆ, ಇನ್ನೂ ಬಂದಿಲ್ಲ ಎನ್ನುತ್ತಾನೆ. ಆಮೇಲೆ ಅವನು ಇಲ್ಲಿಯದು ಕೇಳುತ್ತಾನೆ. ಕಿಟಕಿಯಾಚೆ ಎಷ್ಟೇ ಸುರಿಯುತ್ತಿರಲಿ, ನಾನು ಕಿಟಕಿ ಮುಚ್ಚಿ, "ಸ್ವಲ್ಪ ಹನಿ ಅದ ಅಣ್ಣಾ, ಅಷ್ಟೇ" ಎನ್ನುತ್ತೇನೆ.