ಐದು ವ್ಯಾಟಿನ ಒಕ್ಕಣ್ಣ

ಒಕ್ಕಣ್ಣ ಹೋದ ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ತೀರಿಕೊಂಡ. ಅರವತ್ತೆಂಟು ವರ್ಷ. ರೇಡಿಯೋ ಮೇಜಿನ ಮುಂದೆ, ಕುರ್ಚಿಯಲ್ಲಿ ಕೂತಂತೆಯೇ ಹೃದಯ ನಿಂತಿತು.

ಅವನಿಗೆ ಕಣ್ಣು ಎರಡೂ ಇದ್ದವು, ಎರಡೂ ಚೆನ್ನಾಗಿಯೇ ಇದ್ದವು. ಕಸುಬು ಕನ್ನಡಕದ್ದು. ಹೆಸರು ಬಂದದ್ದು ಹವ್ಯಾಸದಿಂದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನದೊಂದು ರೇಡಿಯೋ ಕೇಂದ್ರವಿತ್ತು. ಬಿಡುವು ಸಿಕ್ಕಾಗ ಅಲ್ಲಿ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತದ ಕೀಲಿ ಕುಟ್ಟುತ್ತ ಕಾಣದ ದೇಶಗಳವರ ಜೊತೆ ಹರಟುತ್ತಿದ್ದ. ಕಳಿಸುವ ಶಕ್ತಿ ಎಷ್ಟು ವ್ಯಾಟ್ ಎಂದು ತೋರಿಸುವ ಮುಳ್ಳಿನ ಮೀಟರ್ ಕಂಡರೆ ಸಾಕು, ಎಡಗಣ್ಣು ಮುಚ್ಚಿ, ಮೂಗನ್ನು ಮುಳ್ಳಿನ ನೇರಕ್ಕೆ ಹಿಡಿದು, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಮುಳ್ಳಿಗೂ ಅಂಕಿಪಟ್ಟಿಗೂ ನಡುವೆ ಒಂದಿಷ್ಟು ಸಂದಿ ಇರುತ್ತದೆ, ಓರೆಯಾಗಿ ನೋಡಿದರೆ ಮುಳ್ಳು ಪಕ್ಕದ ಗೆರೆಗೆ ಜಾರಿದಂತೆ ಕಾಣುತ್ತದೆ ಎಂಬುದು ಅವನು ಎಲ್ಲರಿಗೂ, ಕೇಳದವರಿಗೂ, ಹೇಳುತ್ತಿದ್ದ ಮಾತು.

ಹೇಳಿ ಸುಮ್ಮನಿದ್ದರೆ ಸರಿ. ಟೀ ಕುಡಿಯುವ ನೆಪದಲ್ಲಿ ಊರಿನ ರೇಡಿಯೋ ಕ್ಲಬ್ಬಿನವರ ಮನೆಗಳಿಗೆ ಹೋಗಿ ಮೀಟರು ತಪಾಸಣೆ ಮಾಡುತ್ತಿದ್ದ. ಹಲ್ಲಿನ ಡಾಕ್ಟರು ತಮ್ಮ ಸೆಟ್ಟು ನೂರು ವ್ಯಾಟ್ ಕೊಡುತ್ತದೆಂದು ಬೀಗುತ್ತಿದ್ದ ಕಾಲವದು. ಅವರ ಮೀಟರು ಕುರ್ಚಿಯ ಬಲಗಡೆ ಇತ್ತು. ಡಾಕ್ಟರು ಎಡದಿಂದ ಓರೆಗಣ್ಣಲ್ಲಿ ನೋಡಿ ನೂರು ಅನ್ನುತ್ತಿದ್ದರು. ಅವರು ಟೀ ತರಲು ಒಳಗೆ ಹೋದಾಗ ಒಕ್ಕಣ್ಣ ಮೀಟರನ್ನು ಎತ್ತಿ ಎಡಗಡೆಗೆ ಇಟ್ಟ. ಅಷ್ಟೇ ಮಾಡಿದ್ದು. ಮರುದಿನ ನೂರು ವ್ಯಾಟು ತೊಂಬತ್ತೆರಡಕ್ಕೆ ಇಳಿದಿತ್ತು. ಡಾಕ್ಟರು ಮೂರು ದಿನ ಕೇಬಲ್ ಬದಲಿಸಿದರು, ಸೆಟ್ಟು ಬಿಚ್ಚಿದರು, ರೋಗಿಗಳ ಮೇಲೆ ರೇಗಿದರು. ನಾಲ್ಕನೇ ದಿನ ಒಕ್ಕಣ್ಣ ಹೋಗಿ, ಸ್ವಲ್ಪ ಸರಿದು ಕೂತುಕೊಳ್ಳಿ ಎಂದು ಸಲಹೆ ಕೊಟ್ಟು ಬಂದ.

ಇಷ್ಟೆಲ್ಲ ಜಂಬಕ್ಕೆ ಆಧಾರವೂ ಇತ್ತು. ಕಡಿಮೆ ಶಕ್ತಿಯಲ್ಲಿ ಅತಿ ದೂರ ತಲುಪಿದವರದು ಎಂದು ಕ್ಲಬ್ಬು ಒಂದು ದಾಖಲೆ ಇಟ್ಟಿದೆ. ಐದು ವ್ಯಾಟ್ ಮೀರಬಾರದು. ಒಂಬತ್ತು ವರ್ಷದ ಹಿಂದೆ ಒಕ್ಕಣ್ಣ ಐದೇ ವ್ಯಾಟಿನಲ್ಲಿ ಹನ್ನೊಂದು ಸಾವಿರ ಕಿಲೋಮೀಟರ್ ಆಚೆಯ ದ್ವೀಪವೊಂದನ್ನು ಮುಟ್ಟಿದ್ದ. ಅಲ್ಲಿ ಉತ್ತರ ಕೊಟ್ಟವನು ದೀಪಸ್ತಂಭ ಕಾಯುತ್ತಿದ್ದ ಒಬ್ಬ ಮುದುಕ. ಅಂದಿನಿಂದ ಪ್ರತಿ ಮಂಗಳವಾರ ಹತ್ತೂವರೆಗೆ ಇಬ್ಬರಿಗೂ ಮಾತುಕತೆ. ಪ್ರಶಸ್ತಿಪತ್ರ ಕಣ್ಣು ಪರೀಕ್ಷೆಯ ಅಕ್ಷರಪಟ್ಟಿಯ ಪಕ್ಕದಲ್ಲೇ ತೂಗುತ್ತಿತ್ತು. ಅಕ್ಷರ ಕಾಣದವರಿಗೂ ಅದನ್ನು ಓದಿ ಹೇಳುತ್ತಿದ್ದ.

ಎರಡನೇ ಸ್ಥಾನ ಹಲ್ಲಿನ ಡಾಕ್ಟರದು.

ಎರಡು ವಾರದ ಹಿಂದೆ ಡಾಕ್ಟರು ಹೊಸ ಮೀಟರ್ ಕೊಂಡರು. ಮುಳ್ಳು ಕೊನೆ ಮುಟ್ಟಿದರೆ ಹತ್ತೇ ವ್ಯಾಟ್, ಸಣ್ಣ ಶಕ್ತಿಗೆಂದೇ ಮಾಡಿದ್ದು. ಪರೀಕ್ಷಿಸಿ ಕೊಡಿ ಅಂತ ಒಕ್ಕಣ್ಣನ ಕೈಗಿತ್ತು ಹೋದರು. ಅದರ ಕೈಪಿಡಿಯಲ್ಲಿ ಒಂದು ಸಾಲಿತ್ತು: ತಪ್ಪು ಶೇಕಡಾ ಐದು, ಪೂರ್ಣ ಅಳತೆಯ ಮೇಲೆ. ಒಕ್ಕಣ್ಣ ಎರಡು ಸಲ ಓದಿದ. ಎದ್ದು ಹೋಗಿ ತನ್ನ ಹಳೇ ಮೀಟರಿನ ಕೈಪಿಡಿ ಹುಡುಕಿದ. ಅದರಲ್ಲೂ ಅದೇ ಸಾಲು. ಶೇಕಡಾ ಐದೆಂದರೆ ಮುಳ್ಳು ತೋರಿಸಿದ ಅಂಕಿಯಲ್ಲಿ ಐದು ಎಂದೇ ಅವನು ಇಷ್ಟು ವರ್ಷ ನಂಬಿದ್ದ. ಅವನ ಮೀಟರಿನ ಪೂರ್ಣ ಅಳತೆ ಇನ್ನೂರು ವ್ಯಾಟ್. ಅಂದರೆ ಮುಳ್ಳು ಎಲ್ಲೇ ನಿಲ್ಲಲಿ, ಹತ್ತು ವ್ಯಾಟ್ ಅತ್ತಿತ್ತ ಆಗಬಹುದು. ಆ ಮೀಟರಿನಲ್ಲಿ ಐದು ವ್ಯಾಟ್ ಅಳೆಯುವುದು ಮೂಟೆ ತೂಗುವ ತಕ್ಕಡಿಯಲ್ಲಿ ಉಂಗುರ ತೂಗಿದ ಹಾಗೆ. ಒಂದು ಕಣ್ಣು ಮುಚ್ಚಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಹಳೇ ಸೆಟ್ಟು ಇತ್ತು. ದಾಖಲೆಯ ದಿನ ಶಕ್ತಿ ಹೆಚ್ಚುಕಡಿಮೆ ಮಾಡುವ ಗುಂಡಿ ಎಲ್ಲಿತ್ತೋ ಅಲ್ಲಿ ಹಚ್ಚಿದ ಕೆಂಪು ಚುಕ್ಕೆಯೂ ಇತ್ತು. ಆಂಟೆನಾ ಬದಲು, ಬಂದ ಶಕ್ತಿಯನ್ನೆಲ್ಲ ನುಂಗಿ ಬಿಸಿಯಾಗುವ ಡಮ್ಮಿ ಲೋಡ್ ಸಿಕ್ಕಿಸಿ, ಡಾಕ್ಟರ ಮೀಟರನ್ನು ನಡುವೆ ಇಟ್ಟು, ಗುಂಡಿಯನ್ನು ಚುಕ್ಕೆಗೆ ತಿರುಗಿಸಿ ಕೀಲಿ ಒತ್ತಿದ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಎಷ್ಟು ಬಂತು ಅಂತ ಕೇಳಿದಳು.

"ಎಂಟೂಕಾಲು."

"ಇನ್ನೊಂದು ಕಣ್ಣೂ ಮುಚ್ಕೊಂಡು ನೋಡಿ. ಐದು ಬಂದ್ರೂ ಬಂದೀತು."

ಅವನಿಗೆ ನಗು ಬರಲಿಲ್ಲ. ಇದು ಡಾಕ್ಟರ ಕಿತಾಪತಿಯೇ ಇರಬೇಕು, ಹಳೇ ಸೇಡಿಗೆ ಮೀಟರು ತಿದ್ದಿ ಕಳಿಸಿದ್ದಾರೆ ಅಂದುಕೊಂಡ. ಹೆಂಡತಿಯ ಕೊಬ್ಬರಿ ಎಣ್ಣೆ ಒಂದು ಲೋಟ ಬಗ್ಗಿಸಿಕೊಂಡು, ಡಮ್ಮಿ ಲೋಡಿನ ಡಬ್ಬಿ ಬಿಚ್ಚಿ ಒಳಗಿನದನ್ನು ಎಣ್ಣೆಯಲ್ಲಿ ಮುಳುಗಿಸಿದ. ಅಂಗಡಿಯಲ್ಲಿ ಕನ್ನಡಕದ ಗಾಜಿಗೆ ಬಣ್ಣ ಹಾಕುವ ತೊಟ್ಟಿಯ ಥರ್ಮಾಮೀಟರನ್ನು ಅದರಲ್ಲಿ ನಿಲ್ಲಿಸಿದ. ಐದು ವ್ಯಾಟಾಗಿದ್ದರೆ ಹತ್ತು ನಿಮಿಷಕ್ಕೆ ಎಂಟು ಡಿಗ್ರಿ ಏರಬೇಕು. ಏರಿದ್ದು ಹದಿಮೂರು. ಎಣ್ಣೆಗೆ ಡಾಕ್ಟರ ಪರಿಚಯವಿರಲಿಲ್ಲ.

ಎರಡು ದಿನ ಅಂಗಡಿಯಲ್ಲಿ ಯಾರಿಗೂ ಪ್ರಶಸ್ತಿಪತ್ರ ಓದಿ ಹೇಳಲಿಲ್ಲ. ಹೆಂಡತಿ ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡಿದೆಯೇ ಎಂದು ಕೇಳಿದಳು. ಮೂರನೇ ದಿನ ಪ್ರಶಸ್ತಿಪತ್ರವನ್ನು ಗೋಡೆಯಿಂದ ಇಳಿಸಿ, ಕಂಕುಳಲ್ಲಿ ಸಿಕ್ಕಿಸಿಕೊಂಡು ಡಾಕ್ಟರ ಕ್ಲಿನಿಕ್ಕಿಗೆ ನಡೆದ. ಡಾಕ್ಟರು ಒಬ್ಬರ ದವಡೆಯಲ್ಲಿ ಕೈಯಿಟ್ಟಿದ್ದರು. ಇವನು ಅಲ್ಲೇ ನಿಂತು ಮೊದಲಿಂದ ಕೊನೆವರೆಗೆ ಒಪ್ಪಿಸಿದ. ಬಾಯಿ ತೆರೆದು ಮಲಗಿದ್ದವರು ಇಬ್ಬರನ್ನೂ ಪಿಳಿಪಿಳಿ ನೋಡಿದರು.

"ಬಿಡಿ ಅಣ್ಣಾ," ಅಂದರು ಡಾಕ್ಟರು. "ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಯ್ತಲ್ಲ ಡಾಕ್ಟ್ರೇ. ಮೊದಲನೇ ಸ್ಥಾನ ನಿಮ್ಮ ಪಾಲಾಗುತ್ತೆ ಅಂತ ಹೊಟ್ಟೆ ಉರೀತಿದೆ, ಅದು ಬೇರೆ ಮಾತು."

ದಾಖಲೆ ರದ್ದು ಮಾಡಿ ಎಂದು ಕ್ಲಬ್ಬಿಗೆ ಕಾಗದ ಬರೆದ. ಸಿಕ್ಕಿದ ಸಂದರ್ಭ ಬಿಡದೆ, ಉಳಿದ ಸದಸ್ಯರೂ ತಮ್ಮ ತಮ್ಮ ಕೈಪಿಡಿ ತೆರೆದು ನೋಡಲಿ ಎಂದು ಕೊನೆಗೆ ಸೇರಿಸಿದ. ಆ ವಾರ ಊರಿನ ಹನ್ನೆರಡು ಮನೆಗಳಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ.

ಆದರೆ ಹೇಳಬೇಕಾದವನು ಇನ್ನೊಬ್ಬನಿದ್ದ. ಹೋದ ಮಂಗಳವಾರ ಹತ್ತೂವರೆಗೆ ಒಕ್ಕಣ್ಣ ಹಳೇ ಸೆಟ್ಟಿಗೆ ಮತ್ತೆ ಆಂಟೆನಾ ಸಿಕ್ಕಿಸಿದ. ಡಾಕ್ಟರ ಮೀಟರು ನಡುವೆಯೇ ಇತ್ತು, ಗುಂಡಿಯನ್ನು ಮುಟ್ಟಲಿಲ್ಲ. ಅಂದು ನಾನು ಐದು ಅಂದೆ, ಅದು ಐದಲ್ಲ, ಇದೇ ಶಕ್ತಿ, ಎಂಟು ದಾಟಿದೆ, ಕ್ಷಮಿಸಿ ಎಂದು ದ್ವೀಪದ ಮುದುಕನಿಗೆ ನಿಧಾನವಾಗಿ ಕುಟ್ಟಿದ. ಗೊರಗೊರದ ನಡುವೆ ಸಣ್ಣಗೆ ಉತ್ತರ ಬಂತು: ಒಂಬತ್ತು ವರ್ಷದಿಂದ ನೀವು ನೂರು ವ್ಯಾಟಿನವರು ಅಂದುಕೊಂಡಿದ್ದೆ, ಮರ್ಯಾದೆಗೆ ಕೇಳಲಿಲ್ಲ.

ಒಳಗಿಂದ ನಗು ಕೇಳಿಸಿತು ಎನ್ನುತ್ತಾಳೆ ಹೆಂಡತಿ.

ಒಕ್ಕಣ್ಣ ದಿನಚರಿ ಪುಸ್ತಕ ತೆರೆದು ತಾರೀಖು, ಸಮಯ, ಮುದುಕನ ಕರೆಗುರುತು ಬರೆದ. ಶಕ್ತಿಯ ಕಾಲಮಿನಲ್ಲಿ ಎಂಟೂಕಾಲು ಅಂತ ಬರೆದ. ಹತ್ತು ವ್ಯಾಟಿನ ಮೀಟರಿಗೂ ಶೇಕಡಾ ಐದು ಅಂದರೆ ಅರ್ಧ ವ್ಯಾಟು ಅತ್ತಿತ್ತ ಇದ್ದೇ ಇದೆ. ಎಂಟರ ಮುಂದಿನ ಕಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ "ಎಂಟು, ಅರ್ಧ ಹೆಚ್ಚುಕಡಿಮೆ" ಎಂದು ತಿದ್ದಿ, ಪೆನ್ನಿನ ಮುಚ್ಚಳ ಹಾಕಿದ.